ನಮ್ಮ ಫೋನಿನಲ್ಲಿ ಮಾತ್ರ ಒಂದನೇ ನಂಬರು

ಯಾರಾದರೂ ಪೇಡೆಯ ಪೊಟ್ಟಣ ಹಿಡಿದು ಬಂದು "ನಮಗೆ ಫಸ್ಟ್ ನಂಬರ್ ಬಂತು" ಎಂದರೆ ನಾನು ಮೊದಲು ಪೇಡೆ ತಿನ್ನುತ್ತೇನೆ, ಆಮೇಲೆ ಸಂಶಯ ಪಡುತ್ತೇನೆ. ಈ ಕ್ರಮ ತಪ್ಪಿದರೆ ಪೇಡೆ ಸಿಗುವುದಿಲ್ಲ. ಭಂಕೂರಿನಲ್ಲಿ ನೆಲಕ್ಕೆ ಹಾಸುವ ಕಲ್ಲು ಪಾಲಿಶ್ ಮಾಡುವ ಘಟಕ ನಡೆಸುವ ಹೆಣ್ಣುಮಗಳು ಶಹಾಬಾದಿನ ನನ್ನ ಅಂಗಡಿಗೆ ಬಂದಾಗಲೂ ಹಾಗೇ ಮಾಡಿದೆ.

ಹೊರಗಿನ ಬೋರ್ಡು ಓದಿದರೆ ನನ್ನದು ಬರೀ ಝೆರಾಕ್ಸ್ ಅಂಗಡಿ. ಒಳಗಿನ ಹಳೆಯ ಕಂಪ್ಯೂಟರಿನಲ್ಲಿ ಸುತ್ತಲಿನವರ ಜಾಲತಾಣಗಳನ್ನು ಕಟ್ಟಿ, ಕೆಟ್ಟರೆ ರಿಪೇರಿ ಮಾಡುವವನೂ ನಾನೇ. ವಾಡಿಯಿಂದ ಚಿಂಚೋಳಿಯವರೆಗೆ ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬಿದ್ದಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ. ಮಂದಿಯನ್ನು ಏಮಾರಿಸಿ ನಗುವುದು ನನ್ನ ಹಳೆಯ ಚಟ. ಅದರಿಂದ ಒಂದು ಲಾಭವಿದೆ: ಬೇರೆಯವರು ಏಮಾರಿಸುವಾಗ ದೂರದಿಂದಲೇ ವಾಸನೆ ಹತ್ತುತ್ತದೆ.

ಆಕೆ ಫೋನನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು.

"ಕಾಕಾ, ನೋಡ್ರಿ. ಕಲ್ಲಿನ್ಯಾಗ ನಾವೇ ಫಸ್ಟ್!"

"ಭಾಳ ಚೊಲೊ ಆಯ್ತವ್ವ. ಎಷ್ಟು ಗಿರಾಕಿ ಫೋನ್ ಮಾಡ್ಯಾರ?"

ಆಕೆಯ ಮುಖ ಇಳಿಯಿತು. "ಅದೇ ಕೇಳ್ಲಿಕ್ಕ ಬಂದೀನ್ರಿ. ಒಬ್ರೂ ಮಾಡವಲ್ರು."

ಸಂಗತಿ ಹೀಗಿತ್ತು. ಆಕೆಯ ಗಂಡ ವಾಡಿಯಲ್ಲಿ ರೈಲ್ವೆ ನೌಕರ, ಘಟಕ ಪೂರ್ತಿ ಆಕೆಯದೇ ಕೈಯಲ್ಲಿ. ಎಲ್ಲರೂ ಟೈಲ್ಸ್ ಹಾಕಿಸುವ ಕಾಲ, ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿದ್ದರು. ಆಕೆಯ ಮೈದುನನಿಗೆ ಆ ಜಾಗದ ಮೇಲೆ ಕಣ್ಣು. ಅಲ್ಲಿ ಟೈಲ್ಸ್ ಗೋಡೌನ್ ಹಾಕುವುದು ಅವನ ಆಸೆ. ಮನೆಯವರೆಲ್ಲ ಕೂತು ತೀರ್ಮಾನ ಮಾಡಿಬಿಟ್ಟಿದ್ದರು: ಯುಗಾದಿಯೊಳಗೆ ಹೊರಗಿನ ಆರ್ಡರ್ ಬಂದರೆ ಘಟಕ ಉಳಿಯುತ್ತದೆ, ಇಲ್ಲದಿದ್ದರೆ ಪಾಲಿಶ್ ಮಷೀನ್ ಮಾರಿ ಜಾಗ ಬಿಟ್ಟುಕೊಡಬೇಕು. ಆಕೆ ಸೇಡಮ್ಮಿನ ಒಬ್ಬ ಏಜೆಂಟನಿಗೆ ಜಾಲತಾಣ ಒಪ್ಪಿಸಿದ್ದಳು. ನೆಟ್ಟಿನಲ್ಲಿ ಹುಡುಕಿದಾಗ ಮೊದಲು ಬರುವಂತೆ ಮಾಡಿಕೊಡುವುದು ಅವನ ಧಂದೆ. ಮಾಡಿಯೂ ಕೊಟ್ಟಿದ್ದ, ಫೋನೇ ಸಾಕ್ಷಿ ಹೇಳುತ್ತಿತ್ತು. ನನಗೆ ಮಾತ್ರ ಆ ಸಾಕ್ಷಿಯ ಮೇಲೆ ನಂಬಿಕೆ ಬರಲಿಲ್ಲ.

ಮರುದಿನ ಬೆಳಗ್ಗೆ ಭಂಕೂರಿಗೆ ಹೋದೆ. ಮಷೀನಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದರು. ಆಮೇಲೆ ಆದದ್ದನ್ನು ನೋಡಿ ನನ್ನ ಬಾಯಿ ತೆರೆದೇ ಉಳಿಯಿತು. ಮಾಲಕಿ, ಕಟಿಂಗಿನವರು, ಪಾಲಿಶಿನವರು, ಲಾರಿಗೆ ಲೋಡು ಮಾಡುವ ಹೆಣ್ಣುಮಕ್ಕಳು, ಎಲ್ಲರೂ ಸಾಲಾಗಿ ನಿಂತು ತಮ್ಮ ತಮ್ಮ ಫೋನಿನಲ್ಲಿ ಘಟಕದ ಹೆಸರು ಹುಡುಕಿದರು. ಬಂದ ಮೊದಲ ಸಾಲನ್ನು ಒತ್ತಿ, ಫೋನನ್ನು ಹಣೆಗೆ ಒತ್ತಿಕೊಂಡು ಕೆಲಸಕ್ಕೆ ಹೋದರು.

"ಇದೇನವ್ವ?"

"ಬೋಣಿ ರೀ ಕಾಕಾ. ಅಂಗಡ್ಯಾಗ ಮೊದಲ ಗಿರಾಕಿ ಬೋಣಿ ಮಾಡ್ತಾನಲ್ಲ, ವೆಬ್‌ಸೈಟಿಗಿ ನಾವೇ ಮಾಡ್ತೀವಿ. ದಿನಾ."

ನನಗೆ ನಗು ಬಂತು, ಅದರ ಬೆನ್ನಿಗೇ ವಿಷಯ ತಿಳಿಯಿತು. ನೀವು ದಿನಾ ಏನನ್ನು ಒತ್ತುತ್ತೀರೋ ಅದನ್ನು ಫೋನು ಕಲಿತುಕೊಳ್ಳುತ್ತದೆ. ಮರುದಿನ ಕೇಳುವ ಮೊದಲೇ ಅದನ್ನೇ ಮುಂದಿಡುತ್ತದೆ. ಅಲ್ಲದೆ ಇವರು ಹುಡುಕುತ್ತಿದ್ದುದು ಘಟಕದ ಪೂರ್ತಿ ಹೆಸರು, ಊರಿನ ಹೆಸರೂ ಸೇರಿಸಿ. ಆ ಹೆಸರಿನದು ಜಗತ್ತಿನಲ್ಲಿ ಒಂದೇ ಇದೆ. ನಾನು ನನ್ನ ಫೋನಿನಲ್ಲಿ ಹಳೆಯ ಗುರುತು ಇಟ್ಟುಕೊಳ್ಳದ ಕಿಟಕಿ ತೆರೆದು ಬರೀ 'ಶಹಾಬಾದ್ ಕಲ್ಲು' ಎಂದು ಹುಡುಕಿದೆ. ಮೊದಲ ಪುಟದಲ್ಲಿ ಇವರಿಲ್ಲ. ಎರಡನೆಯದರಲ್ಲೂ ಇಲ್ಲ.

ಅಷ್ಟಕ್ಕೇ ತೀರ್ಪು ಕೊಡಲಿಲ್ಲ, ಏಕೆಂದರೆ ನಾನು ನಿಂತದ್ದು ಭಂಕೂರಿನಲ್ಲಿ. ನೀವು ಎಲ್ಲಿದ್ದೀರಿ ಎಂಬುದನ್ನೂ ಲೆಕ್ಕ ಹಿಡಿದು ನೆಟ್ಟು ಉತ್ತರ ಬದಲಿಸುತ್ತದೆ. ಗಿರಾಕಿ ಇರುವುದು ಸೋಲಾಪುರದಲ್ಲಿ, ಪುಣೆಯಲ್ಲಿ. ಅಲ್ಲಿಯ ಫೋನಿನಲ್ಲಿ ಏನು ಕಾಣುತ್ತದೆ? ಅದನ್ನು ತಿಳಿಯಲು ವಾಡಿ ಜಂಕ್ಷನ್ನಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನಾಲ್ಕೂ ದಿಕ್ಕಿನ ರೈಲುಗಳು ಅಲ್ಲಿ ನಿಲ್ಲುತ್ತವೆ.

ಪ್ಲಾಟ್‌ಫಾರ್ಮಿನಲ್ಲಿ ನಿಂತು ಸೋಲಾಪುರದ ಕಡೆ ಹೊರಟವರನ್ನು ಹಿಡಿದೆ. ಇಳಿದ ಮೇಲೆ ಇದನ್ನು ಹುಡುಕಿ, ಕಂಡ ಪುಟದ ಫೋಟೊ ಕಳಿಸಿ ಎಂದು ಕೇಳಿಕೊಂಡೆ. ಒಬ್ಬ ನನ್ನನ್ನು ನೋಡಿ ಬ್ಯಾಗನ್ನು ಎದೆಗೆ ಒತ್ತಿಕೊಂಡ. ಒಬ್ಬಾಕೆ ಮಗುವನ್ನು ಆ ಕಡೆಗೆ ಸರಿಸಿದಳು. ಕೊನೆಗೆ ರೈಲ್ವೆ ಪೊಲೀಸನೇ ಬಂದ.

"ಏ ಮುತ್ಯಾ, ಯಾಕ ಮಂದಿ ಮೊಬೈಲಿಗಿ ಗಂಟು ಬೀಳ್ಲಿಕತ್ತಿ? ಏನ್ ಹುಡುಕ್ಲಿಕತ್ತಿ?"

"ಶಾಬಾದ ಕಲ್ಲು ರೀ."

ಅವನು ನನ್ನನ್ನೂ ಕೆಳಗಿನ ನೆಲವನ್ನೂ ನೋಡಿದ. "ಅದರ ಮ್ಯಾಲೇ ನಿಂತೀಯಲ್ಲೋ!"

ಸುತ್ತಲಿನವರು ನಕ್ಕರು. ಅದರಿಂದ ನನಗೆ ಉಪಕಾರವೇ ಆಯಿತು. ನಕ್ಕವರಲ್ಲಿ ಸೋಲಾಪುರದ ಒಬ್ಬ ಚಾದರ ವ್ಯಾಪಾರಿ ಇದ್ದ. "ನನ್ನ ಖಾತಾ ಖಾಲಿ ಮಾಡೋ ಆಟ ಅಲ್ಲಲ್ರೀ?" ಎಂದು ಕೇಳಿ, ನನ್ನ ಮುಖದ ಫೋಟೊ ಒಂದನ್ನು ತೆಗೆದಿಟ್ಟುಕೊಂಡ ಮೇಲೆ ನಂಬರು ಕೊಟ್ಟ. ಊರು ಮುಟ್ಟಿದ ಮೇಲೆ ಮಾತಿಗೆ ತಪ್ಪದೆ ಪುಟದ ಮೇಲೆ ಪುಟ ಕಳಿಸಿದ. ಅದರಲ್ಲಿ ಹೈದರಾಬಾದಿನವರಿದ್ದರು, ಪುಣೆಯವರಿದ್ದರು, ಶಹಾಬಾದ್ ಎಲ್ಲಿದೆ ಎಂದೇ ಗೊತ್ತಿಲ್ಲದ ದಲ್ಲಾಳಿಗಳಿದ್ದರು. ಶಹಾಬಾದಿನ ಪಕ್ಕದ ಭಂಕೂರಿನವಳು ಮಾತ್ರ ಎಲ್ಲೂ ಇರಲಿಲ್ಲ.

ಇನ್ನು ಏಜೆಂಟನ ಸರದಿ. ಜಾಲತಾಣದ ಕೀಲಿಕೈ, ಅಂದರೆ ಪಾಸ್‌ವರ್ಡ್, ಅವನ ಕೈಯಲ್ಲಿತ್ತು. ಹೋಗಿ ಕೇಳಿದರೆ ಕೊಡುತ್ತಿರಲಿಲ್ಲ. ಅದಕ್ಕೆ ನಾನು ಧೋತರ ಉಟ್ಟು, ಟೊಪ್ಪಿಗೆ ಹಾಕಿ, ಸೇಡಮ್ಮಿನ ಅವನ ಆಫೀಸಿಗೆ ಗಿರಾಕಿಯಾಗಿ ಹೋದೆ.

"ನಂದು ಕೊಡ್ಲಿ ಊರು ರೀ. ಎತ್ತಿಗಿ ಚಸ್ಮಾ ಮಾಡ್ತೀನಿ."

"ಎತ್ತಿಗಿ?"

"ಹೊಲ್ದಾಗ ಬಿಸಲು, ಧೂಳ. ಅವಕ್ಕೂ ಕಣ್ಣು ಅವಲ್ರಿ."

ನಗುತ್ತಾನೇನೋ ಎಂದು ಕಾದೆ. ನಗಲಿಲ್ಲ. ಕಂಪ್ಯೂಟರಿನ ಕಡೆ ತಿರುಗಿ, "ಫಸ್ಟ್ ಪೇಜ್ ಗ್ಯಾರಂಟಿ, ಯಜಮಾನ್ರ" ಎಂದ. ನನ್ನ ಸಂಶಯ ಗಟ್ಟಿಯಾದದ್ದು ಆಗಲೇ. ಎತ್ತಿನ ಕನ್ನಡಕಕ್ಕೆ ನಗದವನು ಏನನ್ನಾದರೂ ಮಾರಬಲ್ಲ.

ಒಂದು ವಾರ ಕಳೆಯುವುದರೊಳಗೆ ಅವನೇ ಕರೆದ. ಹೋದೆ. ಫೋನು ತಿರುಗಿಸಿ ತೋರಿಸಿದ: 'ಕೊಡ್ಲಿ ಎತ್ತಿನ ಚಸ್ಮಾ ಕಾರ್ಖಾನೆ', ಒಂದನೇ ನಂಬರು. ಕೂಲಿಂಗ್ ಗ್ಲಾಸ್ ಹಾಕಿಕೊಂಡ ಎತ್ತಿನ ಚಿತ್ರವನ್ನೂ ಎಲ್ಲಿಂದಲೋ ತಂದು ಹಾಕಿದ್ದ. ಸತ್ಯ ಹೇಳುತ್ತೇನೆ, ಎತ್ತು ಚೆನ್ನಾಗಿ ಕಾಣುತ್ತಿತ್ತು.

ನಾನು ಟೊಪ್ಪಿಗೆ ತೆಗೆದೆ. "ಸಾಹೇಬ್ರ, ಜಗತ್ತಿನ್ಯಾಗ ಎತ್ತಿಗಿ ಚಸ್ಮಾ ಮಾಡೋನು ನಾ ಒಬ್ಬನೇ. ನಾ ಫಸ್ಟ್ ಬರ್ಲಾರ್ದ ಮತ್ಯಾರು ಬರ್ತಾರ್ರಿ? ಭಂಕೂರಿನ ಕಲ್ಲಿಗೂ ಹಿಂಗೇ ಮಾಡೀರಿ. ಯಾರೂ ಹುಡುಕದ ಹೆಸರಿಗಿ ಫಸ್ಟ್."

ಅವನು ಕೆಂಪಾದ. ಆದರೆ ಸೋಲಲಿಲ್ಲ. "ಆ ಅಕ್ಕ ಫಸ್ಟ್ ಬೇಕಂದ್ಳು, ಫಸ್ಟ್ ಕೊಟ್ಟೀನಿ. ಗಿರಾಕಿ ಬೇಕು ಅಂತ ಯಾರರೆ ಕೇಳಿದ್ರೇನು?"

ಮಾತು ಚುಚ್ಚಿತು. ಬೋಣಿಯ ಸಾಲು ಕಣ್ಣ ಮುಂದೆ ಬಂತು. ಅವರಿಗೂ ಬೇಕಾಗಿದ್ದದ್ದು ಒಂದನೇ ನಂಬರೇ. ಆದರೂ ಎತ್ತಿನ ಕತೆಯನ್ನು ಇಡೀ ಸೇಡಮ್ ಬಜಾರಿನಲ್ಲಿ ಹೇಳುತ್ತೇನೆ ಎಂದು ಹೆದರಿಸಿದ ಮೇಲೆ ಪಾಸ್‌ವರ್ಡ್ ಬರೆದುಕೊಟ್ಟ.

ನಾನು ಶಹಾಬಾದ್ ಮುಟ್ಟುವುದರೊಳಗೆ ಅವನ ಫೋನು ಭಂಕೂರು ಮುಟ್ಟಿತ್ತು. ಭಂಕೂರಿಗೆ ಹೋದರೆ ಮಾಲಕಿ ಘಟಕದ ಬಾಗಿಲಲ್ಲೇ ನಿಂತು ನನ್ನನ್ನು ತಡೆದಳು.

"ಕಾಕಾ, ಆ ಮುದುಕ ಮಂದೀಗಿ ಆಟ ಆಡಸ್ತಾನ, ಹುಷಾರಿರ್ರಿ ಅಂದಾರ ಅವ್ರು. ಖರೇ ಹೇಳ್ರಿ. ಇದೂ ಆಟ ಏನು?"

"ಆಟ ಆಡಿದ್ದು ಅವನ ಸಂಗಾಟ. ನಿನ್ನ ಸಂಗಾಟ ಅಲ್ಲ."

"ಯಾರಿಗೊತ್ತು" ಎಂದಳು. ಒಳಗೆ ಬಿಟ್ಟಳು, ಆದರೆ ನಾನು ಕಂಪ್ಯೂಟರಿನಲ್ಲಿ ಕೆಲಸ ಮಾಡುವಷ್ಟು ಹೊತ್ತೂ ಬೆನ್ನ ಹಿಂದೆಯೇ ನಿಂತಿದ್ದಳು. ನನಗೆ ಅದು ಇಷ್ಟವಾಯಿತು. ಮೊದಲೇ ಹಾಗೆ ನಿಂತಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಜಾಲತಾಣದ ಹೊಟ್ಟೆ ಬಗೆದು ನೋಡಿದರೆ ಕಸವೇ ಕಸ. ಮುಖಪುಟದಲ್ಲಿ ನವಿಲು, ಜಲಪಾತದ ವಿಡಿಯೊ. ತೆರೆಯುವುದರೊಳಗೆ ಗಿರಾಕಿ ಬೇರೆ ಅಂಗಡಿ ಹೊಕ್ಕಿರುತ್ತಾನೆ. ಪುಟದ ಕೆಳಗೆ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ 'ಕಲ್ಲು ಕಲ್ಲು ಅಗ್ಗದ ಕಲ್ಲು' ಎಂದು ತುಂಬಿಸಿದ್ದ. ಮನುಷ್ಯರಿಗೆ ಕಾಣುವುದಿಲ್ಲ, ಯಂತ್ರ ಓದುತ್ತದೆ ಎಂಬ ಹಳೆಯ ಕಳ್ಳಾಟ. ಯಂತ್ರ ಈಗ ಅದನ್ನು ಓದಿ ಮುನಿಸಿಕೊಳ್ಳುತ್ತದೆ. ಯಾವುದೋ ದೇಶದ ಜೂಜಿನ ಪುಟಗಳಿಂದ ಇವಳ ಪುಟಕ್ಕೆ ಕೊಂಡಿ ಹಾಕಿಸಿದ್ದ. ಎಲ್ಲಕ್ಕಿಂತ ಮಜಾ ಎಂದರೆ ಊರಿಗೊಂದು ಪುಟ. ಒಂದೇ ಬರಹ, ಊರಿನ ಹೆಸರು ಮಾತ್ರ ಬೇರೆ. ನಾನು ಜೋರಾಗಿ ಓದಿದೆ.

"ಸನ್ನತಿಯಲ್ಲಿ ಶಹಾಬಾದ್ ಕಲ್ಲು ಬೇಕೆ? ಚಿತ್ತಾಪುರದಲ್ಲಿ ಶಹಾಬಾದ್ ಕಲ್ಲು ಬೇಕೆ? ಕೊಡ್ಲಿಯಲ್ಲಿ..."

"ಸಾಕ್ರಿ!" ಆಕೆಗೂ ನಗು ತಡೆಯಲಾಗಲಿಲ್ಲ. "ನಮ್ಮ ಕಡಿ ಎಮ್ಮಿ ಕೊಟ್ಟಿಗಿ ಮಾಳಿಗಿನೂ ಕಲ್ಲಿಂದೇ. ನೆಟ್ಟಿನ್ಯಾಗ ಯಾವ ಹುಚ್ಚ ಹುಡುಕ್ತಾನ?"

ನಗು ನಿಂತ ಮೇಲೆ ಮುಖ್ಯ ಪ್ರಶ್ನೆ ಬಂತು. ಇದನ್ನೆಲ್ಲ ಅಳಿಸಬೇಕು. ಅಳಿಸಿದರೆ ಕೆಲವು ವಾರ ಏನಾಗುತ್ತದೋ ಹೇಳಲು ಬರುವುದಿಲ್ಲ.

"ಇದ್ದದ್ದೂ ಹೋದ್ರ?"

"ಹೋಗಬಹುದು."

"ಯುಗಾದಿಗಿ ಎರಡ ತಿಂಗಳೂ ಉಳದಿಲ್ಲ, ಕಾಕಾ."

"ಗೊತ್ತದ."

ಆಕೆ ಹೊರಗೆ ಹೋಗಿ ಮಷೀನಿನ ಹತ್ತಿರ ನಿಂತಳು. ಚಕ್ರದ ಕೆಳಗಿಂದ ಬೂದು ನೀರು ಹರಿಯುತ್ತಿತ್ತು. ವಾಪಸು ಬಂದಾಗ ಕೈಯೆಲ್ಲ ಕಲ್ಲಿನ ರಾಡಿ. "ಅಳಸ್ರಿ" ಎಂದಳು. "ನಾಳಿಂದ ಬೋಣಿನೂ ಬಂದ್."

ಜಾಲತಾಣದ ಕಸ ಅಳಿಸುವುದು ಸುಲಭವಿತ್ತು, ಬೋಣಿ ನಿಲ್ಲಿಸುವುದು ಕಷ್ಟವಾಯಿತು. ಪಾಲಿಶಿನ ಮೇಸ್ತ್ರಿ ಬೋಣಿ ಇಲ್ಲದೆ ಸ್ವಿಚ್ ಒತ್ತುವುದಿಲ್ಲ ಎಂದು ಹಟ ಹಿಡಿದ. ನಾನು ಒಂದು ಉಪಾಯ ಹೇಳಿದೆ. ದಿನಾ ಬೆಳಗ್ಗೆ ಗಿರಾಕಿ ಕೇಳುವ ಒಂದು ಪ್ರಶ್ನೆ ಆರಿಸುವುದು, ಮಾಲಕಿ ಬಾಯಿಬಿಟ್ಟು ಉತ್ತರ ಹೇಳುವುದು, ಅದನ್ನು ನಾನು ಕನ್ನಡ, ಮರಾಠಿ, ಹಿಂದಿಯಲ್ಲಿ ಬರೆದು ಹಾಕುವುದು. ಅದೇ ಬೋಣಿ. ಮೇಸ್ತ್ರಿ ಒಪ್ಪಿದ.

ಅಂಗಳಕ್ಕೆ ಎಷ್ಟು ದಪ್ಪದ ಕಲ್ಲು ಬೇಕು? ಕೈಯಿಂದ ಒಡೆದದ್ದಕ್ಕೂ ಮಷೀನಿನಲ್ಲಿ ಕೊಯ್ದದ್ದಕ್ಕೂ ಏನು ವ್ಯತ್ಯಾಸ? ಬಚ್ಚಲಿಗೆ ಪಾಲಿಶ್ ಮಾಡಿದ್ದು ಹಾಕಿದರೆ ಜಾರುತ್ತದೆಯೇ? ಒಂದೊಂದಕ್ಕೂ ಒಂದು ಪುಟ, ಪುಟದ ತಲೆಬರಹವೇ ಆ ಪ್ರಶ್ನೆ. ನವಿಲನ್ನು ಓಡಿಸಿ ಘಟಕದ ಫೋಟೊ ಹಾಕಿದೆ. ಒಂದೇ ಕಲ್ಲು ಒಣಗಿದ್ದಾಗ ಒಂದು, ನೀರು ಹೊಯ್ದಾಗ ಒಂದು. ಬಣ್ಣ ಎಷ್ಟು ಕಪ್ಪಾಗುತ್ತದೆ ಎಂದು ಕಾಣಬೇಕಲ್ಲ. ಪ್ರತಿ ಫೋಟೊವನ್ನೂ ಬೇಗ ತೆರೆಯುವಂತೆ ಹಗುರ ಮಾಡಿದೆ.

ಒಂದು ಬೆಳಗ್ಗೆ ಜಗಳವಾಯಿತು. ಆಕೆ ಹೇಳಿದ್ದು: "ಅಡಗಿ ಮನ್ಯಾಗ ನಿಂಬಿಹಣ್ಣಿನ ರಸ ಬಿದ್ರ ಅಲ್ಲಿ ಹೊಳಪು ಹೋಗ್ತದ. ಆಸಿಡ್ ಹಾಕಿ ತೊಳದ್ರ ಪೂರಾ ಕೆಡ್ತದ. ಬರೀರಿ."

"ಬರ್ಯಾಂಗಿಲ್ಲ! ತನ್ನ ಮಾಲಿನ ಕುಂದು ತಾನೇ ಯಾರು ಹೇಳ್ತಾರವ್ವ?"

"ಮೊದಲೆಲ್ಲಾ ಗಿರಾಕಿ ಬಂದು ಬೈದದ್ದು ಇದಕ್ಕೇ ರೀ. ಯಾವ ಅಂಗಡ್ಯಾಂವನೂ ಹೇಳೂದಿಲ್ಲ. ನಾ ಹೇಳ್ತೀನಿ. ನೀವು ಬರೀರಿ, ಶಾಣ್ಯಾತನ ಬ್ಯಾಡ."

ಬರೆದೆ. ಬರೆಯುವಾಗ ಬೈದುಕೊಂಡೇ ಬರೆದೆ.

ಕೆಲವು ವಾರ ಕೆಟ್ಟದ್ದೇ ಆಯಿತು. ಬೋಣಿ ನಿಂತು ಹಳೆಯ ಪುಟಗಳೂ ಹೋಗಿದ್ದರಿಂದ ಅವರವರ ಫೋನಿನಲ್ಲೂ ಘಟಕದ ಹೆಸರು ಕೆಳಕ್ಕೆ ಜಾರಿತು. ಕೆಲಸದವರು ನನ್ನನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು. ಮೈದುನ ಒಂದು ದಿನ ಅಳತೆಯ ಟೇಪು ಹಿಡಿದು ಬಂದೇಬಿಟ್ಟ.

"ಕಾಕಾ, ನೀವು ಭಾಳ ಶಾಣ್ಯಾರಂತ. ನನ್ನ ಟೈಲ್ಸ್ ಗೋಡೌನಿಗೂ ಒಂದು ವೆಬ್‌ಸೈಟ್ ಮಾಡಿ ಕೊಡ್ರಿ."

"ಮಾಡ್ತೀನಪ್ಪ. ನೀ ಮೊದಲ ಅಳತಿ ಕಲಿ, ಟೇಪು ಉಲ್ಟಾ ಹಿಡದೀದಿ" ಎಂದೆ. ಅವನು ನಿಜವಾಗಿಯೂ ಟೇಪು ನೋಡಿಕೊಂಡ.

ಬಾಯಲ್ಲಿ ಗೆದ್ದೆ, ಒಳಗೆ ಅಳುಕಿತ್ತು. ಆ ಕಡೆಯಿಂದ ಚಾದರ ವ್ಯಾಪಾರಿ ಮಾತ್ರ ಚಟಕ್ಕೆ ಬಿದ್ದವನಂತೆ ಫೋಟೊ ಕಳಿಸುತ್ತಲೇ ಇದ್ದ. ಹಾಸುಗಲ್ಲಿಗೆ ಆ ಕಡೆ ಫರ್ಸಿ ಎನ್ನುತ್ತಾರೆ; 'ಶಹಾಬಾದಿ ಫರ್ಸಿ ನಿಂಬೆಹಣ್ಣಿನ ಕಲೆ' ಎಂದು ಹುಡುಕಿದರೆ ಭಂಕೂರಿನವಳು ಮೂರನೇ ಪುಟದಲ್ಲಿ ಸಿಕ್ಕಳು. ಆಮೇಲೆ ಎರಡನೆಯದರಲ್ಲಿ. ಒಂದು ಸಂಜೆ ಮೊದಲ ಪುಟದಲ್ಲಿ, ನಡುವೆ. ಒಂದನೇ ನಂಬರಲ್ಲ, ನಾಲ್ಕೋ ಐದೋ. ನಾನು ಪೇಡೆ ಹಂಚಲಿಲ್ಲ. ಬದಲಿಗೆ ಗಿರಾಕಿ ಫೋನು ಮಾಡಿದರೆ ಈಕೆ ಹೇಗೆ ಮಾತಾಡುತ್ತಾಳೆ ಎಂದು ಪರೀಕ್ಷೆ ಮಾಡಿದೆ. ಬೇರೆ ಸಿಮ್ಮಿನಿಂದ, ಮರಾಠಿ ಬೆರೆಸಿದ ಹಿಂದಿಯಲ್ಲಿ, ಪುಣೆಯ ಗುತ್ತೇದಾರನಾಗಿ ಮಾತಾಡಿದೆ. ನನ್ನ ಮರಾಠಿ ಕೇಳಿದರೆ ಪುಣೆಯವರೇ ನಾಚಬೇಕು. ಮೊದಲ ಸಲ "ಮಷೀನ್ ಚಾಲೂ ಅದ, ಆಮ್ಯಾಲ ಮಾಡ್ರಿ" ಎಂದು ಇಟ್ಟಳು. ಎರಡನೆಯ ಸಲ, ಬೇರೆ ದನಿಗೆ, ಚೆನ್ನಾಗಿ ಉತ್ತರಿಸಿದಳು. ಸಂತೋಷದಿಂದ ದರವನ್ನೂ ಹೇಳಿದಳು. ಆಗ ನಾನು ಯಾರೆಂದು ಹೇಳಿದೆ. ಆ ಕಡೆ ನಗು ಬರಲಿಲ್ಲ. ಆಕೆ ಫೋನು ಕಟ್ ಮಾಡಿದಳು.

ಮುಂದಿನ ವಾರ ವರದಿ ನೋಡಿದರೆ ವಿಚಿತ್ರ. ಜಾಲತಾಣದಲ್ಲಿ 'ಫೋನ್ ಮಾಡಿ' ಎಂಬ ಗುಂಡಿ ಇಟ್ಟಿದ್ದೆ, ಯಾವ ಕಡೆಯವರು ಒತ್ತಿದರು ಎಂದು ಅದು ನನಗೆ ತಿಳಿಸುತ್ತಿತ್ತು. ಸಾತಾರ, ಸೋಲಾಪುರ, ಬೀದರಿನ ಕಡೆಯಿಂದ ಒತ್ತಿದ್ದಾರೆ. ಆರ್ಡರ್ ಮಾತ್ರ ಒಂದೂ ಇಲ್ಲ. ನನ್ನ ಸಂಶಯ ಮೊದಲು ಏಜೆಂಟನ ಮೇಲೆ ಹೋಯಿತು: ನಂಬರು ಬದಲಿಸಿ ಕರೆ ತನ್ನ ಕಡೆ ತಿರುಗಿಸಿಕೊಂಡನೇ? ಒಂದೊಂದೇ ಅಂಕಿ ಹೋಲಿಸಿ ನೋಡಿದೆ, ಸರಿಯಿತ್ತು. ಆಮೇಲೆ ಮೈದುನನ ಮೇಲೆ ಹೋಯಿತು: ಫೋನು ಅವನ ಕೈಗೆ ಸಿಗುತ್ತದೆಯೇ? ಅವನನ್ನು ಹಿಡಿದೇ ಬಿಡುತ್ತೇನೆ ಎಂದು ಸ್ಟೇಷನ್ ಹತ್ತಿರ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಭಂಕೂರಿಗೆ ಹೋದೆ.

ಆಕೆಯ ಎದುರು ಕೂತು ಪೊಟ್ಟಣ ಬಿಚ್ಚಿದೆ. "ಖರೇ ಹೇಳವ್ವ, ಫೋನ್ ಯಾರ ಕೈಯಾಗಿರ್ತದ? ಕರೆ ಬರ್ಲಿಕತ್ತಾವ ಅಂತ ನನ್ನ ವರದಿ ಹೇಳ್ತದ."

"ಬರ್ತಾವಲ್ರಿ. ಎಲ್ಲಾ ನಿಮ್ಮವೇ."

"ಅಂದ್ರ?"

"ಮರಾಠಿ ಮಾತಾಡ್ತೀರಿ, ಅಡಗಿ ಮನಿ ಫರ್ಸಿ ಅಂತೀರಿ, ನಿಂಬಿಹಣ್ಣು ಅಂತೀರಿ. ನಾ ಏನ್ ಹುಚ್ಚಿ ಏನ್ರಿ? 'ಕಾಕಾ, ವಯಸ್ಸಾಗ್ಯಾದ, ಸುಮ್ನ ಮಲಕೋರಿ' ಅಂದು ಇಟ್ಟುಬಿಡ್ತೀನಿ. ನಿನ್ನಿ ಅಂತೂ ಭಾಳ ಬೈದೀನಿ."

ಭಜಿಯ ಖಾರ ನೆತ್ತಿಗೇರಿತು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಆಕೆ ಪರದೆ ನೋಡಿದಳು, ಭಜಿ ತುಂಬಿದ ನನ್ನ ಬಾಯಿ ನೋಡಿದಳು, ನನ್ನ ಎರಡೂ ಕೈ ನೋಡಿದಳು. ಫೋನೆತ್ತಿ ಸ್ಪೀಕರಿಗೆ ಹಾಕಿದಳು.

"ತಾಯಿ, ಇಡಬೇಡಿ" ಎಂದು ಆ ಕಡೆಯವನು ಹಿಂದಿಯಲ್ಲಿ ಅಂಗಲಾಚಿದ. "ಆ ಕಾಕಾ ಯಾರೋ ನನಗೆ ಗೊತ್ತಿಲ್ಲ. ನಾನು ಸಾತಾರದವನು. ಮನೆ ಕಟ್ಟಿಸುತ್ತಿದ್ದೇನೆ. ನಿಂಬೆಹಣ್ಣಿನ ವಿಷಯ ಮುಚ್ಚಿಡದೆ ಬರೆದವರು ನೀವೊಬ್ಬರೇ. ಅದಕ್ಕೇ ಬೈಸಿಕೊಂಡರೂ ಮತ್ತೆ ಮಾಡಿದೆ."

ಆದರೂ ಅವನಿಗೂ ಪೂರ್ತಿ ನಂಬಿಕೆ ಇರಲಿಲ್ಲ. ವಿಡಿಯೊದಲ್ಲಿ ಬನ್ನಿ, ಕಣ್ಣೆದುರಿಗೆ ಕಲ್ಲಿಗೆ ನೀರು ಹೊಯ್ದು ತೋರಿಸಿ ಎಂದ. ಆಕೆ ಎದ್ದವಳೇ ಫೋನು ನನ್ನ ಕೈಗಿಟ್ಟು, ಬಿಂದಿಗೆ ಎತ್ತಿ ಹೊಸ ಪಾಲಿಶಿನ ಹಾಸಿನ ಮೇಲೆ ಸುರಿದಳು. ಫೋನು ಹಿಡಿದು ನಿಂತ ನಾನೂ ತೊಯ್ದೆ. ಅವನು ಬಹಳ ಹೊತ್ತು ನೋಡಿ, "ಪುಟದಲ್ಲಿ ಇದ್ದ ಹಾಗೇ ಇದೆ" ಎಂದ. ಅಂಗಳ, ಅಡುಗೆಮನೆ, ಪಡಸಾಲೆ, ಮೂರಕ್ಕೂ ಕಲ್ಲು ಬೇಕು, ಲಾರಿ ಯಾವಾಗ ಹೊರಡುತ್ತದೆ ಎಂದು ಕೇಳಿದ.

ಯುಗಾದಿಗೆ ಇನ್ನೂ ಕೆಲವು ದಿನವಿತ್ತು. ಆ ಮಷೀನು ಮಾರಾಟವಾಗಲಿಲ್ಲ.

ಆದರೆ ಆ ಮಧ್ಯಾಹ್ನ ಆಕೆ ಸಂಭ್ರಮ ಮಾಡಲಿಲ್ಲ. ಫೋನಿನಲ್ಲಿ ತಾನು ಬೈದು ಇಟ್ಟ ನಂಬರುಗಳನ್ನೆಲ್ಲ ಹುಡುಕಿ ತೆಗೆದು, ಕೆಲಸದವರಿಗೆ ಮಷೀನ್ ಬಂದ್ ಮಾಡಲು ಹೇಳಿದಳು. ನನ್ನ ಕಡೆ ಬೆರಳು ತೋರಿಸಿ ಎದುರಿನ ಕಲ್ಲಿನ ಮೇಲೆ ಕೂರಿಸಿದಳು.

"ಎಲ್ಲರಿಗೂ ಮಾತಾಡಿ ಮುಗಿಯೋ ತನಕ ನನ್ನ ಕಣ್ಣ ಮುಂದೇ ಕುಂದ್ರಿ, ಕಾಕಾ. ಬಾಯಿ ಮುಚಗೊಂಡು."

ನಾನು ಕೂತೆ. ಆಕೆ ಮೊದಲ ನಂಬರು ಒತ್ತಿ, ಗಂಟಲು ಸರಿಮಾಡಿಕೊಂಡು, ಗಿರಾಕಿ ಎತ್ತುವುದನ್ನೇ ಕಾದಳು. "ನಮಸ್ಕಾರ್ರಿ. ಭಂಕೂರಿಂದ, ಕಲ್ಲಿನವರು. ಮೊನ್ನಿ ನಿಮಗ ಮಲಕೋರಿ ಅಂದಾಕಿ ನಾನೇ ರೀ..."